ಐವತ್ತನಾಲ್ಕು ಕಿಲೋ

ಟೋಕನ್ ಅಮ್ಮನ ತಲೆಯ ಮೇಲೆ ‘ದಯವಿಟ್ಟು ಮೌನವಾಗಿರಿ’ ಎಂಬ ಬೋರ್ಡಿತ್ತು. ಅದರ ಕೆಳಗೇ ಕೂತು ಅವಳು ಫೋನಿನಲ್ಲಿ ಯಾರಿಗೋ ಕಿಟಕಿ ಪರದೆಯ ಬಣ್ಣ ತನಗೆ ಸುತರಾಂ ಹಿಡಿಸಲಿಲ್ಲವೆಂದು ಇಡೀ ಕ್ಲಿನಿಕ್ಕಿಗೆ ಕೇಳುವಂತೆ ಹೇಳುತ್ತಿದ್ದಳು. ಹನ್ನೊಂದನೆಯ ನಂಬರಿನ ಪ್ಲಾಸ್ಟಿಕ್ ಬಿಲ್ಲೆಯನ್ನು ಬೆರಳುಗಳ ನಡುವೆ ತಿರುಗಿಸುತ್ತ ಅವನು ಅವಳ ಬಾಯನ್ನೇ ನೋಡುತ್ತಿದ್ದ. ಒಂದೂವರೆ ಗಂಟೆಯಿಂದ ಆ ಬಾಯಿ ಮುಚ್ಚಿರಲಿಲ್ಲ. ಒಂದೂವರೆ ಗಂಟೆಯಲ್ಲಿ ಸರದಿ ಏಳರಿಂದ ಹತ್ತಕ್ಕೆ ಬಂದಿತ್ತು, ಅಷ್ಟೆ. ಈ ಜಾಗದಲ್ಲಿ ಅವನಿಗೆ ಸಹಿಸಲು ಆಗುವಂಥದ್ದು ಒಂದೂ ಇರಲಿಲ್ಲ. ಫಿನಾಯಿಲ್ ವಾಸನೆ, ಎರಡು ವರ್ಷದ ಹಿಂದಿನ ಕ್ಯಾಲೆಂಡರು, ಒಳಗಿನ ಕೋಣೆಯಿಂದ ಆಗಾಗ ಕೇಳುವ ಡಾಕ್ಟರ ಆ ‘ಹ್ಞೂಂ’. ಮುರಿದ ಕುರ್ಚಿಯ ಕಾಲಿಗೆ ಬ್ಯಾಂಡೇಜು ಸುತ್ತಿ ನಿಲ್ಲಿಸಿದ್ದರು. ಇಲ್ಲಿ ಸಿಗುವ ಚಿಕಿತ್ಸೆಗಳಲ್ಲೆಲ್ಲ ಅದೇ ಉತ್ತಮವೆಂದು ಮೊದಲ ಸಲ ಬಂದಾಗ ಅವನು ಅಕ್ಕನ ಕಿವಿಯಲ್ಲಿ ಹೇಳಿದ್ದ, ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದಳು. ತಿಂಗಳಿಗೊಮ್ಮೆಯಂತೆ ಇದು ನಾಲ್ಕನೆಯ ಸಲ. ಇವತ್ತು ಆ ಕುರ್ಚಿಯ ಮೇಲೆ ಲಾರಿ ಡ್ರೈವರೊಬ್ಬ ಕೂತು ಕೆಮ್ಮುತ್ತಿದ್ದ, ಅಕ್ಕನಿಗೆ ನಗು ಬರುವ ಲಕ್ಷಣ ಕಾಣಲಿಲ್ಲ. ಅವನು ಮಾತ್ರ ಪ್ರತಿ ಸಲದಂತೆ ಕಂಬದ ಹಿಂದಿನ ಜಾಗವನ್ನೇ ಹಿಡಿದಿದ್ದ. ಅಲ್ಲಿಗೆ ಫ್ಯಾನಿನ ಗಾಳಿ ಬರುವುದಿಲ್ಲ, ನಂಬರು ಕರೆದರೆ ಸರಿಯಾಗಿ ಕೇಳಿಸುವುದೂ ಇಲ್ಲ. ಆದರೆ ಅಲ್ಲಿ ಕೂತರೆ ಡಾಕ್ಟರ ಕೋಣೆಯ ಬಾಗಿಲ ಪಕ್ಕ ಇಟ್ಟಿರುವ ತೂಕದ ಯಂತ್ರ ಕಣ್ಣಿಗೆ ಬೀಳುವುದಿಲ್ಲ.

“ಗಾಳಿ ಇರೋ ಕಡೆ ಕೂತ್ಕೊಳ್ಳೋಣ ಬಾರೋ,” ಎಂದಳು ಅಕ್ಕ.

“ಇಲ್ಲೇ ಇರ್ಲಿ ಬಿಡು.”

ಅಕ್ಕ ಒತ್ತಾಯ ಮಾಡಲಿಲ್ಲ. ಅವನ ಮುಖವನ್ನು ಒಂದು ಕ್ಷಣ ನೋಡಿ ಬ್ಯಾಗನ್ನು ತೊಡೆಯ ಮೇಲೆ ಸರಿಪಡಿಸಿಕೊಂಡಳು. ಇಪ್ಪತ್ತೆಂಟು ವರ್ಷದಿಂದ ಹೊಲಿಗೆ ಅಂಗಡಿ ನಡೆಸುವವಳು. ಎದುರಿಗೆ ನಿಂತವರ ಭುಜದ ಅಳತೆಯನ್ನು ಟೇಪು ಮುಟ್ಟದೆ ಹೇಳುವ ಕಣ್ಣು. ಆ ಕಣ್ಣು ತನ್ನ ಮೇಲೆ ಬಿದ್ದಾಗಲೆಲ್ಲ ಅವನಿಗೆ ತನ್ನ ಅಂಗಿಯೊಳಗೆ ಯಾರೋ ಕೈ ಹಾಕಿದ ಹಾಗೆ ಆಗುತ್ತಿತ್ತು. ಅವಳ ಕೈಗಡಿಯಾರ ಮತ್ತೆ ಜಾರಿ ಮೊಣಕೈ ಕಡೆಗೆ ಇಳಿದಿತ್ತು. ಆ ಚರ್ಮದ ಪಟ್ಟಿಗೆ ಕಂಪನಿಯವರು ಹಾಕಿದ ತೂತುಗಳು ಆರು. ಅವನು ದಬ್ಬಣದಿಂದ ಹಾಕಿದ್ದು ಮೂರು. ತಿಂಗಳಿಗೊಂದು. ಪ್ರತಿ ಸಲವೂ ಅಡುಗೆಮನೆಯ ಬೆಳಕಿನಲ್ಲಿ ಪಟ್ಟಿಯನ್ನು ಮರದ ಮಣೆಯ ಮೇಲಿಟ್ಟು ದಬ್ಬಣ ಒತ್ತುತ್ತ, “ಚರ್ಮ ಅಂದ್ಮೇಲೆ ಹಿಗ್ಗುತ್ತೆ ಅಕ್ಕ, ಬೆವರಿಗೆ,” ಎಂದಿದ್ದ. ಮೊದಲ ಸಲ ಅಕ್ಕ, “ಹೌದೇನೋ?” ಎಂದಿದ್ದಳು. ಎರಡನೆಯ ಸಲ ಅವನ ಕೈಯಲ್ಲಿದ್ದ ದಬ್ಬಣವನ್ನೇ ನೋಡಿದಳು. ಮೂರನೆಯ ಸಲ ಕೈ ಚಾಚಿ ಪಟ್ಟಿ ಕಟ್ಟಿಸಿಕೊಳ್ಳುವಾಗ ಅವಳ ಮಣಿಕಟ್ಟಿನ ಎರಡು ಮೂಳೆಗಳು ಅವನ ಬೆರಳಿಗೆ ತಗುಲಿದವು, ಮತ್ತು ಅವನು ಗಡಿಯಾರ ಎರಡು ನಿಮಿಷ ಹಿಂದಿದೆ ಎಂದು ಬೇರೆ ಮಾತು ತೆಗೆದ. ಅಳತೆ-ತೂಕದ ಕಚೇರಿಯಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದವನು, ಕಬ್ಬಿಣದ ತೂಕದ ಬೊಟ್ಟುಗಳ ಪೆಟ್ಟಿಗೆ ಹೊತ್ತು ಅಂಗಡಿ ಅಂಗಡಿ ತಿರುಗಿ ಯಾರ ತಕ್ಕಡಿ ಎಷ್ಟು ಸುಳ್ಳು ಹೇಳುತ್ತದೆಂದು ಹಿಡಿಯುವವನು, ಬೀದಿಯವರೆಲ್ಲ ‘ತಕ್ಕಡಿ’ ಎಂದೇ ಕರೆಯುವವನು, ಚರ್ಮ ಹಿಗ್ಗುತ್ತೆ ಎಂದಿದ್ದ.

“ಹನ್ನೊಂದೂ! ಕಿವಿ ಕೇಳಲ್ವೇನ್ರೀ? ಎರಡು ಸಲ ಕರೆದೆ.”

ಅಕ್ಕ ಎದ್ದಳು. ಏಳುವಾಗ ಅವನ ಭುಜದ ಮೇಲೆ ಕೈಯೂರಿದಳು. ಆ ಕೈಗೆ ಭಾರವೇ ಇರಲಿಲ್ಲ. ಯಂತ್ರ ಎಲ್ಲರ ಕಣ್ಣೆದುರಿಗೆ ಇತ್ತು, ಬಂದವರೆಲ್ಲ ಚಪ್ಪಲಿ ಬಿಟ್ಟು ಅದರ ಮೇಲೆ ನಿಲ್ಲಬೇಕು, ಟೋಕನ್ ಅಮ್ಮ ಕೂತಲ್ಲಿಂದಲೇ ಕತ್ತು ಉದ್ದ ಮಾಡಿ ಮುಳ್ಳು ನೋಡಿ ತೂಕವನ್ನು ಕೂಗಿ ಹೇಳಿ ಕಾರ್ಡಿನಲ್ಲಿ ಬರೆಯಬೇಕು, ಕಾದು ಕೂತವರೆಲ್ಲ ಕೇಳಿಸಿಕೊಳ್ಳಬೇಕು. ಇದು ಇಲ್ಲಿಯ ಕ್ರಮ. ಅವನು ಕಂಬದ ಹಿಂದಿನಿಂದ ಬಂದು ಅಕ್ಕನ ಬ್ಯಾಗು ಹಿಡಿದುಕೊಂಡು ಗೋಡೆಯ ಕ್ಯಾಲೆಂಡರು ನೋಡುತ್ತ ನಿಂತ. ಎರಡು ವರ್ಷದ ಹಿಂದೆ ಈ ದಿನ ಶುಕ್ರವಾರವಾಗಿತ್ತು. ಅಕ್ಕ ಹತ್ತಿದ ಯಂತ್ರದ ತಟ್ಟೆ ಕಿರುಗುಟ್ಟಿತು.

“ಐವತ್ನಾಲ್ಕು,” ಎಂದಳು ಟೋಕನ್ ಅಮ್ಮ. “ನಿಮ್ದು ಬರೆಯೋದೇ ಬೇಡ ಬಿಡಿ, ಯಾವಾಗ್ಲೂ ಅದೇ.”

ಯಾರೋ ನಕ್ಕರು. ಅವಳ ನಾಲಿಗೆಯನ್ನು ಹಿಡಿದು ಕಿತ್ತು ಆ ಬೋರ್ಡಿನ ಕೆಳಗೆ ನೇತು ಹಾಕಬೇಕೆನ್ನಿಸಿತು ಅವನಿಗೆ. ಈ ಹೆಂಗಸು ಬದಲಾಗಿರಲಿಲ್ಲ. ಎಂಟು ತಿಂಗಳ ಹಿಂದೆ ಅವನು ಕಚೇರಿಯ ಕೆಲಸದ ಮೇಲೆ ಇಪ್ಪತ್ತು ಕಿಲೋದ ಮೂರು ಬೊಟ್ಟುಗಳನ್ನು ಕೈಗಾಡಿಯಲ್ಲಿ ಎಳೆದುಕೊಂಡು ಇದೇ ಬಾಗಿಲಿಗೆ ಬಂದಾಗಲೂ ಅವಳು ಫೋನಿನಲ್ಲೇ ಇದ್ದಳು. ಫೋನಿನ ಬಾಯಿಗೆ ಕೈ ಮುಚ್ಚಿ, “ಏನ್ರೀ ಇದು, ಪೇಶೆಂಟ್‌ಗಳ ಮಧ್ಯೆ ಕಬ್ಬಿಣ ಎಳ್ಕೊಂಡು ಬರ್ತೀರಾ? ಹಿಂದಿನ ಬಾಗಿಲಿಗೆ ಹೋಗಿ,” ಎಂದಿದ್ದಳು. ಹಿಂದಿನ ಬಾಗಿಲು ಕಸದ ಡಬ್ಬಿಗಳ ಪಕ್ಕದಲ್ಲಿತ್ತು. ಬಳಸಿ ಬಿಸಾಡಿದ ಹತ್ತಿ, ಒಡೆದ ಸಿರಿಂಜು, ಒಂದು ಬೆಕ್ಕು. ಅಲ್ಲಿ ನಲವತ್ತು ನಿಮಿಷ ನಿಂತ. ಬಾಗಿಲು ತಟ್ಟಿದ, ಮತ್ತೆ ತಟ್ಟಿದ. ಕೊನೆಗೆ ಬಾಗಿಲು ತೆರೆದವರು ಡಾಕ್ಟರೇ. ಕೈ ಒದ್ದೆಯಿತ್ತು, ಇವನ ಮುಖ ನೋಡದೆ, ಕೈಯಲ್ಲಿದ್ದ ಸಲಕರಣೆಯ ಚೀಲವನ್ನಷ್ಟೆ ನೋಡಿ, “ಹ್ಞೂಂ, ನಲ್ಲಿ ಆ ಕಡೆ, ಬೇಗ ನೋಡಿ,” ಎಂದು ಒಳಗೆ ಹೋದರು. ತಾನು ನಲ್ಲಿಯವನಲ್ಲ, ತಾನು ಸರ್ಕಾರದ ಮನುಷ್ಯ, ತಾನು ಬಂದರೆ ದೊಡ್ಡ ದೊಡ್ಡ ಅಂಗಡಿಯವರು ಎದ್ದು ಕುರ್ಚಿ ಕೊಡುತ್ತಾರೆ ಎಂದು ಹೇಳಬೇಕಿತ್ತು. ಅವನ ಕೆಲಸಕ್ಕೆ ಒಂದು ಕ್ರಮವಿದೆ: ಮೇಲಿನ ತಟ್ಟೆಯನ್ನು ಎತ್ತಿ ಕೆಳಗಿನ ನಾಲ್ಕು ಸ್ಪ್ರಿಂಗುಗಳನ್ನು ಬ್ಯಾಟರಿ ಬೆಳಕಿನಲ್ಲಿ ನೋಡಬೇಕು, ಆಮೇಲೆ ಇಪ್ಪತ್ತು, ನಲವತ್ತು, ಅರವತ್ತು ಎಂದು ಬೊಟ್ಟು ಪೇರಿಸುತ್ತ ಮುಳ್ಳನ್ನು ಪರೀಕ್ಷಿಸಬೇಕು, ಆಮೇಲೆ ಸೀಸದ ಮುದ್ರೆ ಒತ್ತಿ ಸಹಿ ಹಾಕಿದ ಹಸಿರು ಚೀಟಿ ಅಂಟಿಸಬೇಕು. ಹತ್ತೊಂಬತ್ತು ವರ್ಷದಲ್ಲಿ ಗುಜರಿಯವನ ತಕ್ಕಡಿಗೂ ಅವನು ಈ ಕ್ರಮ ತಪ್ಪಿಸಿರಲಿಲ್ಲ. ಅವತ್ತು ಎರಡು ಬೊಟ್ಟುಗಳನ್ನು ಕಸದ ಡಬ್ಬಿಯ ಪಕ್ಕದಲ್ಲೇ ಬಿಟ್ಟು ಒಂದನ್ನು ಮಾತ್ರ ಒಳಗೆ ತಂದ. ತಟ್ಟೆ ಎತ್ತಲಿಲ್ಲ. ಬೊಟ್ಟು ಇಟ್ಟ, ಮುಳ್ಳು ಇಪ್ಪತ್ತಕ್ಕೆ ನಿಂತಿತು, ಮುದ್ರೆ ಒತ್ತಿ ಸಹಿ ಜಡಿದ. ಇವರ ಯೋಗ್ಯತೆಗೆ ಇಷ್ಟು ಸಾಕು ಎಂದುಕೊಂಡ. ಆ ಸಂಜೆಯೆಲ್ಲ ಏನೋ ಗೆದ್ದವನಂತೆ ಹಗುರವಾಗಿದ್ದ, ಮನೆಗೆ ಹೋಗಿ ಅಕ್ಕ ಬಡಿಸಿದ್ದನ್ನು ಎರಡು ಸಲ ಹಾಕಿಸಿಕೊಂಡು ತಿಂದಿದ್ದ.

ಒಳಗೆ ಡಾಕ್ಟರು ಕಾರ್ಡು ನೋಡುತ್ತಿದ್ದರು. ಅವರಿಗೆ ಊರವರು ಇಟ್ಟ ಹೆಸರು ಹ್ಞೂಂ ಡಾಕ್ಟರು. ಅವರ ನೆತ್ತಿಯ ಬೋಳು ಎಲ್ಲರಿಗೂ ಪರಿಚಯ, ಕಣ್ಣಿನ ಬಣ್ಣ ಯಾರಿಗೂ ಗೊತ್ತಿಲ್ಲ.

“ಹ್ಞೂಂ. ಹೇಳಿ.”

“ಎರಡು ತುತ್ತಿಗೇ ಹೊಟ್ಟೆ ತುಂಬಿ ಹೋಗುತ್ತೆ ಡಾಕ್ಟ್ರೇ,” ಎಂದಳು ಅಕ್ಕ. ನಾಲ್ಕು ಸಲವೂ ಅದೇ ಮಾತು, ಅದೇ ಮೆಲುದನಿ. “ಮೂರನೇದು ಇಳಿಯೋದೇ ಇಲ್ಲ. ಮೆಟ್ಟಿಲು ಹತ್ತಿದ್ರೆ ಕಣ್ಣು ಕತ್ತಲೆ ಬರುತ್ತೆ. ಮೊನ್ನೆ ಮೆಶಿನ್ ಮೇಲೇ ತಲೆ ಇಟ್ಟು ಮಲಗಿಬಿಟ್ಟಿದ್ದೆ.”

“ಹ್ಞೂಂ. ಗ್ಯಾಸು. ಮಾತ್ರೆ ಬದಲಾಯಿಸ್ತೀನಿ. ಮುಂದಿನ ತಿಂಗಳು ಬನ್ನಿ.”

“ಡಾಕ್ಟ್ರೇ,” ಎಂದ ಅವನು. “ದೊಡ್ಡಾಸ್ಪತ್ರೆಗೆ ಒಂದು ಚೀಟಿ ಬರ್ಕೊಡಿ. ಅಲ್ಲಿ ತೋರಿಸ್ತೀವಿ. ನಿಮ್ಮ ಚೀಟಿ ಇಲ್ದೆ ಅವರು ಒಳಗೇ ಬಿಡಲ್ಲ.”

“ಬಂದೋರಿಗೆಲ್ಲ ಚೀಟಿ ಹರಿದು ಕೊಡೋಕಾಗಲ್ಲ ರೀ. ಅಲ್ಲಿಯವರು ನನ್ನ ಬೈತಾರೆ.” ಡಾಕ್ಟರು ಬರೆಯುತ್ತಲೇ ಇದ್ದರು. “ಊಟ ಸೇರಲ್ಲ ಅಂತಾರೆ, ಸರಿ. ಐವತ್ನಾಲ್ಕು, ಐವತ್ನಾಲ್ಕು, ಐವತ್ಮೂರೂವರೆ, ಐವತ್ನಾಲ್ಕು. ಊಟ ಸೇರದೇ ಇರೋರ ತೂಕ ಹೀಗಿರುತ್ತಾ? ನಾಲ್ಕೈದು ಕಿಲೋ ಇಳಿದಿದ್ರೆ ನಾನೇ ಅವತ್ತೇ ಕಳಿಸ್ತಿದ್ದೆ.”

“ಅವಳ ಮುಖ ನೋಡಿ ಡಾಕ್ಟ್ರೇ. ಒಂದು ಸಲ ನೋಡಿ.”

“ಮುಖ ನೋಡಿ ಹೇಳೋರು ಬೇರೆ ಇದಾರೆ, ಅವರ ಹತ್ರ ಹೋಗಿ. ನೀವು ಹೇಳೋದು ನಂಬ್ಲೋ, ಮೆಶಿನ್ ಹೇಳೋದು ನಂಬ್ಲೋ? ಮೆಶಿನ್‌ಗೆ ಸರ್ಕಾರದ ಮುದ್ರೆ ಇದೆ. ನಿಮಗಿದೆಯಾ?”

ಅವನ ಕಿವಿ ಬಿಸಿಯಾಯಿತು. ಮೈಯೆಲ್ಲ ಉರಿಯಿತು. ಈ ಮನುಷ್ಯ ಮೂರು ತಿಂಗಳಲ್ಲಿ ಒಂದು ಸಲ ಕತ್ತೆತ್ತಿದ್ದರೆ ಸಾಕಿತ್ತು, ಒಂದು ಸಲ ಅಕ್ಕನ ಕೈ ಹಿಡಿದು ನಾಡಿ ನೋಡಿದ್ದರೆ ಆ ಎರಡು ಮೂಳೆಗಳು ಇವನ ಬೆರಳಿಗೂ ತಗುಲುತ್ತಿದ್ದವು; ಕಾರ್ಡಿನಿಂದ ಕಣ್ಣು ಕೀಳದ ಇವನೂ ಒಬ್ಬ ಡಾಕ್ಟರೇ, ಥೂ, ಎಂದು ಹಲ್ಲು ಕಡಿದ. ಹಾಗೆ ಬೈಯುವುದರಲ್ಲಿ ಒಂದು ಸುಖವಿತ್ತು. ಬೈಯುತ್ತಿದ್ದಷ್ಟು ಹೊತ್ತು ಬೇರೆ ಏನನ್ನೂ ಯೋಚಿಸಬೇಕಾಗಿರಲಿಲ್ಲ. ಆದರೆ ಬೈಗುಳ ಮುಗಿದ ಕೂಡಲೆ ಆ ಮಾತು ಬಂದು ಎದುರಿಗೆ ನಿಂತಿತು: ಅವನು ಕತ್ತು ಎತ್ತಿ ನೋಡಲಿಲ್ಲ, ಸರಿ, ನೀನು ತಟ್ಟೆ ಎತ್ತಿ ನೋಡಿದೆಯಾ? ಪಕ್ಕಕ್ಕೆ ತಿರುಗಿದ. ಅಕ್ಕ ಡಾಕ್ಟರನ್ನು ನೋಡುತ್ತಿರಲಿಲ್ಲ. ಇವನನ್ನೇ ನೋಡುತ್ತಿದ್ದಳು, ಬಟ್ಟೆ ಕತ್ತರಿಸುವ ಮೊದಲು ಒಮ್ಮೆ ನಿಂತು ನೋಡುತ್ತಾಳಲ್ಲ, ಹಾಗೆ.

“ನಡಿ,” ಎಂದಳು. ಮೇಜಿನ ಅಂಚು ಹಿಡಿದುಕೊಂಡು ಎದ್ದಳು.

ಹೊರಗೆ ಡ್ರೈವರು ಕೆಮ್ಮುತ್ತ ಅವರನ್ನು ದಾಟಿ ಒಳಗೆ ಹೋದ. ಅಕ್ಕನನ್ನು ಬ್ಯಾಂಡೇಜಿನ ಕುರ್ಚಿಯ ಮೇಲೆ ಕೂರಿಸಿ, ಅವನು ಚಪ್ಪಲಿ ಬಿಟ್ಟು ಯಂತ್ರದ ಮೇಲೆ ಹತ್ತಿದ. ಹತ್ತಬೇಕೆಂದು ಯೋಚಿಸಿರಲಿಲ್ಲ, ಕಾಲು ತಾನಾಗಿ ಹತ್ತಿತ್ತು.

“ಏನ್ರೀ, ನಿಮ್ಮ ಹೆಸರಿಗೆ ಟೋಕನ್ ಇಲ್ಲ, ಇಳೀರಿ,” ಎಂದಳು ಟೋಕನ್ ಅಮ್ಮ.

ಕಚೇರಿಯಲ್ಲಿ ಪ್ರತಿ ಸೋಮವಾರ ದೊಡ್ಡ ತಕ್ಕಡಿಯನ್ನು ಪರೀಕ್ಷಿಸುವಾಗ ಅವನು ತನ್ನನ್ನೂ ತೂಗಿಕೊಳ್ಳುವುದು ವಾಡಿಕೆ. ಅರವತ್ತೆಂಟು. ಆರು ವರ್ಷದಿಂದ ಅರವತ್ತೆಂಟು. ಮುಳ್ಳು ತೂಗಾಡಿ, ಸಾವರಿಸಿಕೊಂಡು, ಎಪ್ಪತ್ತೆಂಟೂವರೆಗೆ ನಿಂತಿತು. ಆಶ್ಚರ್ಯವಾಗಲಿಲ್ಲ. ಆಶ್ಚರ್ಯವಾಗಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸಿತು. ತಟ್ಟೆಯ ಕೆಳಗೆ ಒಂದು ಸ್ಪ್ರಿಂಗು ತುಕ್ಕು ತಿಂದು ಬಿರುಕು ಬಿಟ್ಟಿದೆ, ದಿನಕ್ಕಿಷ್ಟು ಎಂದು ಸೋಲುತ್ತ ಬಂದಿದೆ, ಅದು ಸೋತಷ್ಟೂ ಮುಳ್ಳು ಮುಂದೆ ಹೋಗುತ್ತದೆ. ದಿನಾ ಬೆಳಿಗ್ಗೆ ಟೋಕನ್ ಅಮ್ಮ ಗುಂಡಿ ತಿರುಗಿಸಿ ಮುಳ್ಳನ್ನು ಸೊನ್ನೆಗೆ ತರುವುದರಿಂದ ಖಾಲಿ ಇದ್ದಾಗ ಯಾರಿಗೂ ಗೊತ್ತಾಗುವುದಿಲ್ಲ. ಅಕ್ಕ ಎಷ್ಟು ಕರಗಿದಳೋ ಅಷ್ಟೇ ಅದೂ ಸೋತಿತ್ತು. ಇದೆಲ್ಲ ಅವನಿಗೆ ಹೋದ ತಿಂಗಳು ಇದೇ ಜಾಗದಲ್ಲಿ ಕ್ಯಾಲೆಂಡರು ನೋಡುತ್ತ ನಿಂತಾಗ, ತಟ್ಟೆ ಕಿರುಗುಟ್ಟಿದ ಸದ್ದಿನಲ್ಲೇ ತಿಳಿದಿತ್ತು. ಹೊಸ ಸ್ಪ್ರಿಂಗು ಇಪ್ಪತ್ತೆರಡು ದಿನದಿಂದ ಅವನ ಸಲಕರಣೆಯ ಚೀಲದಲ್ಲಿದೆ. ಹಿಂದಿನ ಬಾಗಿಲಿನಿಂದ ಬಂದು, ಪರೀಕ್ಷೆಗೆ ಬಂದೆ ಎಂದು ಹೇಳಿ, ಹತ್ತು ನಿಮಿಷದಲ್ಲಿ ಬದಲಾಯಿಸಿ ಹೋದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಮುಂದಿನ ಸಲ ಮುಳ್ಳು ನಿಜ ಹೇಳುತ್ತದೆ, ಡಾಕ್ಟರು ಹ್ಞೂಂ ಎಂದು ಚೀಟಿ ಬರೆಯುತ್ತಾರೆ, ಕೆಲಸ ಉಳಿಯುತ್ತದೆ, ಮಾನ ಉಳಿಯುತ್ತದೆ. ಅಚ್ಚುಕಟ್ಟಾದ ಉಪಾಯ. ಇಪ್ಪತ್ತೆರಡು ದಿನವೂ ನಾಳೆ ಹೋಗುತ್ತೇನೆ ಎಂದುಕೊಂಡಿದ್ದ. ಪ್ರತಿ ದಿನವೂ ಆ ಕಸದ ಡಬ್ಬಿ, ಆ ಬೆಕ್ಕು, ‘ನಲ್ಲಿ ಆ ಕಡೆ’ ಎಂಬ ಆ ದನಿ ನೆನಪಾಗಿ ಕಾಲು ಹಿಂದೆ ಸರಿದಿತ್ತು. ಇವತ್ತು ಸಂಜೆಯೇ ಬಂದು ಮಾಡಿಬಿಡುತ್ತೇನೆ ಎಂದುಕೊಂಡ. ಇನ್ನು ಒಂದೇ ತಿಂಗಳು ತಾನೆ. ಕಣ್ಣು ಕೆಳಗಿಳಿಯಿತು. ಮುಳ್ಳಿನ ಗಾಜಿನ ಪಕ್ಕದಲ್ಲಿ ಹಸಿರು ಚೀಟಿ, ಅದರ ಮೇಲೆ ಅವನ ಸಹಿ, ಕೊನೆಯ ಅಕ್ಷರದ ಬಾಲವನ್ನು ಮೇಲಕ್ಕೆ ಸುತ್ತಿ ಬಿಟ್ಟಿದ್ದು. ಅಮ್ಮ ತೀರಿಕೊಂಡ ವರ್ಷ ಅವನ ಕೈ ಹಿಡಿದು ಅಕ್ಷರ ತೀಡಿಸಿದವಳು ಅಕ್ಕ; ಬಾಲವನ್ನು ಹೀಗೆ ಸುತ್ತುವುದು ಅವಳದೇ ಅಭ್ಯಾಸ. ಒಂದು ತಿಂಗಳು. ಗಡಿಯಾರದ ಪಟ್ಟಿಗೆ ಇನ್ನೊಂದು ತೂತು.

ಕುರ್ಚಿಯಲ್ಲಿ ಅಕ್ಕ ಕಣ್ಣು ಮುಚ್ಚಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಗಂಟಲಲ್ಲಿ ಒಂದು ನರ ಹೊಡೆದುಕೊಳ್ಳುತ್ತಿತ್ತು. ಅವನಿಗೆ ಭಯವಾಯಿತು. ಕೆಲಸದ ಭಯ, ಮಾನದ ಭಯ ಎರಡನ್ನೂ ತಳ್ಳಿಕೊಂಡು ಬಂದ ಬೇರೆಯೇ ಭಯ, ಬರೀ ಅಕ್ಕನ ಭಯ. ಇಳಿದು, ಚಪ್ಪಲಿ ಹಾಕಿಕೊಳ್ಳದೆ, ಡಾಕ್ಟರ ಬಾಗಿಲು ತಳ್ಳಿದ. “ಒಳಗೆ ಪೇಶೆಂಟ್ ಇದಾರ್ರೀ!” ಎಂದು ಟೋಕನ್ ಅಮ್ಮ ಕಿರುಚಿದಳು. ಡ್ರೈವರು ಅಂಗಿ ಎತ್ತಿಕೊಂಡು ಸ್ಟೂಲಿನ ಮೇಲೆ ಕೂತಿದ್ದ.

“ಆ ಮೆಶಿನ್ ಸುಳ್ಳು ತೋರಿಸ್ತಿದೆ ಡಾಕ್ಟ್ರೇ.”

“ಹ್ಞೂಂ? ಮತ್ತೆ ಬಂದ್ರಾ? ಹೇಳಿದ್ನಲ್ರೀ, ಮುದ್ರೆ ಇದೆ ಅಂತ.”

“ಆ ಮುದ್ರೆ ಹಾಕಿದ್ದು ನಾನು.” ದನಿ ಅವನದೇ ಎಂದು ಅನ್ನಿಸಲಿಲ್ಲ. “ಸರಿಯಾಗಿ ನೋಡ್ದೆ ಹಾಕಿದ್ದು. ಎಂಟು ತಿಂಗಳಾಯ್ತು. ನನಗೆ ಹತ್ತೂವರೆ ಕಿಲೋ ಜಾಸ್ತಿ ತೋರಿಸ್ತಿದೆ. ಅಕ್ಕ ಐವತ್ನಾಲ್ಕಿಲ್ಲ.”

ಡಾಕ್ಟರು ಕತ್ತೆತ್ತಿದರು. ಕಣ್ಣು ಕಂದು ಬಣ್ಣದವು, ದಣಿದವು, ಒಂದರಲ್ಲಿ ಕೆಂಪು ಗೆರೆ. ಅವು ಇವನ ಮುಖವನ್ನು, ಬರಿಗಾಲನ್ನು ನೋಡಿ ಏನನ್ನೋ ಹುಡುಕಿದವು.

“ನೀವು ನಲ್ಲಿಯವರಲ್ವಾ?”

ಡ್ರೈವರು ಕೆಮ್ಮು ಬಿಟ್ಟು ನಕ್ಕುಬಿಟ್ಟ. ಎಂಟು ತಿಂಗಳಿಂದ ಇದಕ್ಕೆ ಕೊಡಬೇಕಾದ ಉತ್ತರವನ್ನು ಅವನು ಸ್ನಾನ ಮಾಡುವಾಗ, ಬಸ್ಸಿನಲ್ಲಿ, ನಿದ್ದೆ ಬಾರದಾಗ ನೂರು ಥರ ಕಟ್ಟಿಟ್ಟಿದ್ದ. ಒಂದೂ ಬೇಕಾಗಲಿಲ್ಲ. “ಅಲ್ಲ,” ಎಂದ.

“ನೀವು ಹೇಳಿದ್ದನ್ನ ಬರೆದು ಸಹಿ ಹಾಕಿ ಕೊಡ್ತೀರಾ? ನಾಳೆ ನನ್ನ ತಲೆಗೆ ಬರ್ಬಾರ್ದು.”

“ಕೊಡ್ತೀನಿ.”

“ನಿಮ್ಮ ಕೆಲಸ?”

ಡಾಕ್ಟರು ಅವನನ್ನು ಇನ್ನಷ್ಟು ಹೊತ್ತು ನೋಡಿದರು. ಮರುಕವೇನೂ ಇರಲಿಲ್ಲ ಆ ನೋಟದಲ್ಲಿ, ತಪ್ಪು ತನ್ನದಲ್ಲವೆಂಬ ನೆಮ್ಮದಿ ಇತ್ತು, ಅದನ್ನು ಕಂಡು ಅವನಿಗೆ ಮತ್ತೆ ಸಿಟ್ಟು ಬಂತು. ಆದರೆ ಡ್ರಾಯರು ತೆಗೆದು ಚೀಟಿಯ ಪುಸ್ತಕವನ್ನು ಮೇಜಿನ ಮೇಲೆ ಇಟ್ಟರು, ಪೆನ್ನಿನ ಮುಚ್ಚಳ ತೆಗೆದರು.

“ತೂಕದ ಜಾಗದಲ್ಲಿ ಎಷ್ಟು ಅಂತ ಬರೀಲಿ? ಮೊದಲೆಷ್ಟಿತ್ತು, ಈಗೆಷ್ಟು? ನೀವೇ ಹೇಳಿ, ತೂಕದೋರು.”

ಅವನು ಲೆಕ್ಕ ಹಾಕತೊಡಗಿದ. ಅರವತ್ತೆಂಟಕ್ಕೆ ಎಪ್ಪತ್ತೆಂಟೂವರೆ ಆದರೆ, ಐವತ್ತನಾಲ್ಕು ತೋರಿಸಿದ್ದಕ್ಕೆ… ಮೂರು ತಿಂಗಳ ಹಿಂದೆ ಸ್ಪ್ರಿಂಗು ಎಷ್ಟು ಸೋತಿತ್ತೋ… ಅಂಕಿಗಳು ಕೈಗೆ ಸಿಗದೆ ಜಾರಿದವು.

“ಐವತ್ತೆರಡು,” ಎಂದಿತು ಹಿಂದಿನಿಂದ ಮೆಲುದನಿ. ಬಾಗಿಲ ಚೌಕಟ್ಟು ಹಿಡಿದುಕೊಂಡು ಅಕ್ಕ ನಿಂತಿದ್ದಳು. “ಮೊದಲ ಸಲ ಇಲ್ಲಿಗೆ ಬಂದ ದಿನ ಐವತ್ತೆರಡು. ಆಮೇಲೆ ಐವತ್ತೂವರೆ. ಹೋದ ತಿಂಗಳು ನಲವತ್ತೆಂಟೂವರೆ. ಇವತ್ತು ಬೆಳಿಗ್ಗೆ ನಲವತ್ತಾರು ಮುಕ್ಕಾಲು.”

“ಎಲ್ಲಿ ನೋಡಿಸಿದ್ರಿ?” ಎಂದರು ಡಾಕ್ಟರು.

“ನಮ್ಮಂಗಡಿ ಪಕ್ಕ ರದ್ದಿ ಪೇಪರ್ ಅಂಗಡಿ ಇದೆ. ಅವನ ತಕ್ಕಡೀಲಿ.”

“ರದ್ದಿ ತೂಗೋದನ್ನ ನಂಬ್ಕೊಂಡು ನಾನು ಬರೀಲಾ ಅಮ್ಮಾ?”

“ಬರೀರಿ. ಅದಕ್ಕೂ ಇವನದೇ ಮುದ್ರೆ ಇದೆ. ಅದನ್ನ ಸರಿಯಾಗಿ ನೋಡಿ ಹಾಕಿದಾನೆ.”

ಅವನಿಗೆ ಅಕ್ಕನ ಮುಖ ನೋಡಲಾಗಲಿಲ್ಲ, ಅವಳ ಪಾದಗಳನ್ನು ನೋಡಿದ. ಅವಳು ಬರುವಾಗ ಅವನ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ತಂದಿದ್ದಳು.

“ನಿನಗೆ ಗೊತ್ತಿತ್ತಾ ಅಕ್ಕ?”

“ಎರಡನೇ ಸಲ ಬಂದಾಗ್ಲೇ ಆ ಹಸಿರು ಚೀಟಿ ನೋಡ್ದೆ. ನಿನ್ನ ಕೈಬರಹ ನಂಗೆ ಗೊತ್ತಿಲ್ವೇನೋ?”

“ಮತ್ತೆ ಯಾಕೆ ಹೇಳ್ಲಿಲ್ಲ? ಯಾಕೆ ಸುಮ್ನಿದ್ದೆ ಇಷ್ಟು ದಿನ?”

ಅಕ್ಕ ಚಪ್ಪಲಿಗಳನ್ನು ಅವನ ಕಾಲ ಹತ್ತಿರ ಬೀಳಿಸಿದಳು. ಇನ್ನೊಮ್ಮೆ ಬಗ್ಗಲು ಅವಳಿಂದ ಆಗುತ್ತಿರಲಿಲ್ಲ.

“ಒಂದು ತಿಂಗಳು, ನಿನ್ನ ಕೆಲಸ ಹೋಗುತ್ತಲ್ಲ ಅಂತ ಸುಮ್ನಿದ್ದೆ,” ಎಂದಳು. “ಇನ್ನೊಂದು ತಿಂಗಳು, ನೀನಾಗೇ ಹೇಳ್ತೀಯೋ ಇಲ್ವೋ ನೋಡೋಣ ಅಂತ ಸುಮ್ನಿದ್ದೆ.”

ಡಾಕ್ಟರು ನಲವತ್ತಾರು ಮುಕ್ಕಾಲು ಎಂದು ಬರೆದು, ಚೀಟಿ ಹರಿದು, ಅದನ್ನು ಅವನಿಗೆ ಕೊಡದೆ ಅಕ್ಕನ ಕಡೆಗೆ ಚಾಚಿದರು.